ಕೇಳದ ಎರಡು ಹಾಡು

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಮೈಸೂರು ಮೈನ್ಸಿನ ರೆಕಾರ್ಡಿಂಗ್ ಅಂಗಡಿಯ ಅಣ್ಣನವರಿಗೆ,

ಇತ್ತ ಬಂಗಾರಪೇಟೆಯಲ್ಲಿ ನಾವು ಕ್ಷೇಮ. ಅತ್ತ ಎಂದರೆ ಎತ್ತ ಎನ್ನುವುದೇ ತಿಳಿಯದ ಕಾರಣ ಈ ಪತ್ರವನ್ನು ಅಂಚೆಗೆ ಹಾಕದೆ ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಹೊಸೂರು ಸೇರಿದಿರಿ ಎನ್ನುವವರಿದ್ದಾರೆ. ಮಗಳ ಮನೆಗೆ ಸೇಲಂಗೆ ಹೋದಿರಿ ಎನ್ನುವವರೂ ಇದ್ದಾರೆ. ಇನ್ನು ಕೆಲವರು ‘ಅವರಾ...’ ಎಂದು ಮಾತನ್ನು ಅಲ್ಲಿಗೇ ಬಿಡುತ್ತಾರೆ. ನಾನೂ ಕೆದಕಿ ಕೇಳುವುದಿಲ್ಲ.

ಪತ್ರ ನಿಮ್ಮೊಬ್ಬರಿಗೇ ಅಂತಲೂ ಅಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್, ನಮ್ಮ ಬಂಗಾರಪೇಟೆ ಎಲ್ಲ ಕಡೆಯೂ ಎರಡು ಟೇಪ್ ಡೆಕ್ಕು, ಒಂದು ರೆಕಾರ್ಡ್ ಪ್ಲೇಯರು, ಗೋಡೆ ತುಂಬ ಕ್ಯಾಸೆಟ್ಟು ಇಟ್ಟುಕೊಂಡು ಜನಕ್ಕೆ ಹಾಡು ತುಂಬಿಕೊಟ್ಟು ಬದುಕಿದವರಿದ್ದರು. ಅವರೆಲ್ಲರ ಪಾಲೂ ಇದರಲ್ಲಿದೆ. ಆದರೆ ಮುಖ ನೆನಪಿರುವುದು ನಿಮ್ಮದು, ಆದ್ದರಿಂದ ನಿಮ್ಮ ಹೆಸರಿಗೇ ಬರೆದಿದ್ದೇನೆ.

ನೇರ ವಿಷಯಕ್ಕೆ ಬರುತ್ತೇನೆ. ನೀವು ತುಂಬಿಕೊಟ್ಟ ಹಾಡುಗಳು ಬಹುಪಾಲು ಈಗ ಫೋನಿನಲ್ಲಿ ಸಿಗುತ್ತವೆ. ಹೆಸರು ಅರ್ಧ ಹೊಡೆದರೆ ಸಾಕು, ಉಳಿದರ್ಧ ಅದೇ ಹೇಳುತ್ತದೆ. ಸಿಗದೇ ಇರುವುದು ನೀವು ಅವನ್ನು ಕೂರಿಸಿದ ಸಾಲು. ಯಾವುದಾದ ಮೇಲೆ ಯಾವುದು, ಯಾರ ಪಕ್ಕ ಯಾರು, ಎ ಸೈಡು ಮುಗಿಯುವಾಗ ಕೇಳುವವನು ಯಾವ ಮನಸ್ಸಿನಲ್ಲಿರಬೇಕು, ಎದ್ದು ಹೋಗಿ ಕ್ಯಾಸೆಟ್ಟು ತಿರುಗಿಸಿ ಹಾಕುವಷ್ಟು ಆಸೆ ಅವನಲ್ಲಿ ಉಳಿದಿರಬೇಕೋ ಬೇಡವೋ, ಇದೆಲ್ಲ ನಿಮ್ಮ ತಲೆಯಲ್ಲಿದ್ದ ಲೆಕ್ಕ. ಹಾಡು ಹಾಡಿದವರದು. ಸಾಲು ನಿಮ್ಮದು. ಆ ಸಾಲಿಗೆ ನಮ್ಮ ಊರಿನಲ್ಲಿ ಯಾರೂ ಒಂದು ಒಳ್ಳೆಯ ಮಾತು ಆಡಿದ್ದು ನಾನು ಕೇಳಿಲ್ಲ.

ಬಂಗಾರಪೇಟೆಯಲ್ಲೇ ಅಂಗಡಿಗಳಿದ್ದಾಗ ನಾನು ರೈಲು ಹತ್ತಿ ನಿಮ್ಮಲ್ಲಿಗೇ ಯಾಕೆ ಬರುತ್ತಿದ್ದೆ ಎಂದು ನಮ್ಮಪ್ಪ ಬಯ್ಯುತ್ತಿದ್ದರು. ರೈಲ್ವೆ ನೌಕರರ ಮಗನಾದ್ದರಿಂದ ರೈಲಿನ ಖರ್ಚು ದೊಡ್ಡದಾಗಿರಲಿಲ್ಲ. ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ, 1894ರಲ್ಲಿ, ಗಣಿಗಳಿಗಾಗಿ ಹಾಕಿದ ಆ ಪುಟ್ಟ ಕವಲು ಹಳಿ ಕೋರಮಂಡಲ್, ಬಿಇಎಂಎಲ್ ನಗರ, ಊರ್ಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಹಳಿ ಇರಲಿಲ್ಲ. ನಿಮ್ಮ ಅಂಗಡಿಗೆ ಅಲ್ಲಿಂದ ನಡೆದರೆ ಆಯಿತು. ಅಷ್ಟು ದೂರ ಬರಲು ಕಾರಣ ಏನೆಂದರೆ, ಬೇರೆ ಅಂಗಡಿಯವರು ಕೇಳಿದ್ದನ್ನು ತುಂಬಿಕೊಡುತ್ತಿದ್ದರು. ನೀವು ಕೇಳದ್ದನ್ನೂ ತುಂಬಿಕೊಡುತ್ತಿದ್ದಿರಿ.

“ತಂಬಿ, ಲಿಸ್ಟು ನಿಂದು, ಟೇಪು ನಿಂದು. ಕೊನೇ ಎರಡು ಪಾಟ್ಟು ನಂದು” ಎನ್ನುವುದು ನಿಮ್ಮ ಕರಾರು. ಒಪ್ಪದಿದ್ದವರಿಗೆ ಎದುರಿನ ಅಂಗಡಿ ತೋರಿಸುತ್ತಿದ್ದಿರಿ. ಆ ಎರಡು ಹಾಡಿಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವು ಯಾವುವು ಎಂದು ಒಳಗಿನ ಕಾರ್ಡಿನಲ್ಲಿ ಬರೆಯುತ್ತಲೂ ಇರಲಿಲ್ಲ, ಎರಡು ಗೀಟು ಎಳೆದು ಬಿಡುತ್ತಿದ್ದಿರಿ. ಹಾಡು ಹಿಡಿಸಿದವರು ಅದೇನೆಂದು ಕೇಳಲು ಮತ್ತೆ ಅಂಗಡಿಗೆ ಬರಬೇಕು. ವ್ಯಾಪಾರ ನಿಮಗೆ ಚೆನ್ನಾಗಿಯೇ ಗೊತ್ತಿತ್ತು, ಸುಮ್ಮನೆ ಸಾಧು ಮಾಡುವುದು ಬೇಡ.

ಆ ಗೋಡೆಯ ಬಗ್ಗೆ ಒಂದಿಷ್ಟು ಬರೆಯಬೇಕು. ಅಷ್ಟೊಂದು ತರಹೇವಾರಿ ಸಂಗ್ರಹ ಆಮೇಲೆ ನಾನು ಬೆಂಗಳೂರಿನಲ್ಲೂ ಕಾಣಲಿಲ್ಲ. ಅದಕ್ಕೆ ಕಾರಣ ನಿಮ್ಮ ರುಚಿ ಅರ್ಧ, ಊರು ಅರ್ಧ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದು ಗಣಿ ತೋಡಲು ಶುರುಮಾಡಿದಾಗಿನಿಂದ ಈ ಊರಿಗೆ ಜನ ಬಂದದ್ದು ನಾಲ್ಕೂ ದಿಕ್ಕಿನಿಂದ. ಉತ್ತರ ಆರ್ಕಾಟಿನಿಂದ, ಸೇಲಂ ಕಡೆಯಿಂದ ತಮಿಳರು. ಚಿತ್ತೂರು ಕಡೆಯಿಂದ ತೆಲುಗರು. ಸುತ್ತಿನ ಹಳ್ಳಿಗಳಿಂದ ಕನ್ನಡದವರು, ಉರ್ದುವಿನವರು. ಮೇಲಿನ ಬಂಗಲೆಗಳಲ್ಲಿ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು. ಒಬ್ಬೊಬ್ಬರೂ ಊರು ಬಿಡುವಾಗ ಹಾಡು ಬಿಟ್ಟು ಹೋದರು. ಆಸ್ಟ್ರೇಲಿಯಾಕ್ಕೋ ಇಂಗ್ಲೆಂಡಿಗೋ ಹೊರಟ ಕುಟುಂಬಗಳು ಸಾಮಾನು ಮಾರುವಾಗ ಕುರ್ಚಿ, ಮಂಚ, ಪಿಂಗಾಣಿಗೆ ಜನ ಮುಗಿಬಿದ್ದರೆ, ನೀವು ಎಲ್‌ಪಿ ರೆಕಾರ್ಡುಗಳ ಪೆಟ್ಟಿಗೆ ಹೊತ್ತು ಬರುತ್ತಿದ್ದಿರಂತೆ. ಜಿಮ್ ರೀವ್ಸ್ ನಿಮ್ಮ ಗೋಡೆಗೆ ಬಂದದ್ದು ಹಾಗೆ. 78 ತಿರುವಿನ ಅರಗಿನ ತಟ್ಟೆಗಳು, ರೇಡಿಯೊ ಸಿಲೋನಿನಿಂದ ರಾತ್ರಿ ಹಿಡಿದ ರೀಲುಗಳು, ಘಂಟಸಾಲ ಅವರ ಭಗವದ್ಗೀತೆ, ನಾಗೂರು ಹನೀಫಾ, ಅಜೀಜ್ ನಾಜಾನ್ ಕವ್ವಾಲಿ, ಬೋನಿ ಎಂ ಅವರ ಕ್ರಿಸ್‌ಮಸ್ ಹಾಡು, ಗಲ್ಫ್‌ನಿಂದ ಬಂದವರು ತಂದುಕೊಟ್ಟ ಹೊಳೆಯುವ ಟಿಡಿಕೆ ಕ್ಯಾಸೆಟ್ಟು ಎಲ್ಲ ಒಂದೇ ಗೋಡೆಯ ಮೇಲಿದ್ದವು.

ಜೊತೆಗೆ ಯಾವ ಕಂಪನಿಯೂ ಹೊರತರದ ಒಂದು ಸಾಲು ಇತ್ತು. ನೀವೇ ಟೇಪ್ ರೆಕಾರ್ಡರ್ ಹೊತ್ತು ಹೋಗಿ ಹಿಡಿದದ್ದು. ಗಣಿ ಕೆಲಸಗಾರರ ಲೈನ್ ಮನೆಗಳ ಮುಂದೆ ಕ್ರಿಸ್‌ಮಸ್ ಹಿಂದಿನ ವಾರದಲ್ಲಿ ಮನೆಮನೆಗೆ ಹೋಗಿ ಹಾಡುವ ಗುಂಪು, ಅಮ್ಮನ ಉತ್ಸವದ ತಮಟೆ, ದರ್ಗಾದ ಉರುಸು, ಮದುವೆಯ ಬ್ಯಾಂಡ್ ಸೆಟ್ಟು. ಆ ಕ್ಯಾಸೆಟ್ಟುಗಳನ್ನು ಮಾರುತ್ತಿರಲಿಲ್ಲ. ಆದರೆ ಕೇಳದ ಎರಡು ಹಾಡುಗಳಲ್ಲಿ ಒಂದು ಕೆಲವೊಮ್ಮೆ ಅಲ್ಲಿಂದ ಬರುತ್ತಿತ್ತು.

ಆ ಗೋಡೆ ತೋರಿಸಿ, ನಿಮ್ಮಪ್ಪ ಶಾಫ್ಟಿಗೆ ಇಳಿದು ಎದೆಯಲ್ಲಿ ಕಲ್ಲುಪುಡಿ ತುಂಬಿಕೊಂಡು ತಂದ ದುಡ್ಡಿನಲ್ಲಿ ಮೊದಲ ಡೆಕ್ಕು ಕೊಂಡದ್ದು ಎಂದು ಒಂದೇ ಒಂದು ಸಲ ಹೇಳಿದ್ದಿರಿ. ಅದರ ಬಗ್ಗೆ ಮುಂದೆ ಮಾತು ಬೆಳೆಸಲಿಲ್ಲ, ಹೆಡ್ಡು ಒರೆಸಲು ಹತ್ತಿ ಹುಡುಕಿದಿರಿ.

ಈಗಿನ ಹುಡುಗರಿಗೆ ಆ ಕೆಲಸದ ಶ್ರಮ ವಿವರಿಸುವುದು ಕಷ್ಟ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಡಬ್ಬಿಯೊಳಗಿನ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ನೈಂಟಿ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ಸಿನಿಮಾ ಹಾಡು ನಾಲ್ಕರಿಂದ ಐದು ನಿಮಿಷ ಹಿಡಿದರೆ ಒಂಬತ್ತೋ ಹತ್ತೋ ಹಾಡು. ನಕಲು ಮಾಡಲು ಹಾಡು ಪೂರ್ತಿ ಓಡಲೇಬೇಕು, ಅಂದರೆ ಒಂದೂವರೆ ಗಂಟೆಯ ಕ್ಯಾಸೆಟ್ಟಿಗೆ ಒಂದೂವರೆ ಗಂಟೆ ನೀವು ಕೂರಲೇಬೇಕು. ಎರಡು ಪಟ್ಟು ವೇಗದಲ್ಲಿ ತುಂಬುವ ಡಬಲ್ ಡೆಕ್ಕು ಬಂದ ಮೇಲೂ ನೀವು ಅದನ್ನು ಮುಟ್ಟಲಿಲ್ಲ, ‘ಮೇಲಿನ ಸ್ವರ ಸಾಯುತ್ತೆ’ ಎಂದಿರಿ. ನೂರಿಪ್ಪತ್ತರ ಕ್ಯಾಸೆಟ್ಟು ತಂದವರನ್ನು ವಾಪಸು ಕಳಿಸುತ್ತಿದ್ದಿರಿ. ಅದರ ಟೇಪು ತೀರ ತೆಳು, ಎರಡು ತಿಂಗಳಿಗೆ ಸಿಕ್ಕಿಹಾಕಿಕೊಂಡು ಕರುಳು ಹೊರಗೆ ಬರುತ್ತದೆ ಎಂಬುದು ನಿಮ್ಮ ದೂರು, ಅದು ನಿಜವೂ ಹೌದು.

ಕಷ್ಟದ ಕೆಲಸ ದನಿಯ ಮಟ್ಟ ಸರಿ ಮಾಡುವುದು. ಅರಗಿನ ತಟ್ಟೆಯಿಂದ ಬಂದ ಹಾಡಿಗೆ ತಳದ ಸ್ವರವೇ ಇರುವುದಿಲ್ಲ. ಎಲ್‌ಪಿಯದು ದುಂಡಗೆ, ದಪ್ಪಗೆ ಬರುತ್ತದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದ್ದರಲ್ಲಿ ‘ಸ್’ ಎಂಬ ಸದ್ದು ಒಂದು ಪದರ ಹೆಚ್ಚಾಗಿರುತ್ತದೆ. ರೇಡಿಯೊದಿಂದ ಹಿಡಿದದ್ದು ತೆರೆಯ ಹಾಗೆ ಏರಿ ಇಳಿಯುತ್ತದೆ. ಈ ನಾಲ್ಕನ್ನೂ ಒಂದರ ಹಿಂದೊಂದು ಇಟ್ಟರೆ ಕೇಳುವವನು ಪ್ರತಿ ಹಾಡಿಗೂ ಎದ್ದು ವಾಲ್ಯೂಮು ತಿರುಗಿಸಬೇಕು. ನೀವು ಹಾಡು ಶುರುವಾಗುವ ಮೊದಲೇ ಅದರ ಅತಿ ಜೋರಾದ ಸಾಲು ಹುಡುಕಿ, ಮುಳ್ಳು ಕೆಂಪು ಗೀಟಿಗೆ ಎಷ್ಟು ತಾಗುತ್ತದೆ ನೋಡಿ, ಗುಂಡಿ ತಿರುಗಿಸಿ, ಮತ್ತೆ ಹಿಂದಕ್ಕೆ ಓಡಿಸಿ, ಆಮೇಲೆ ಪಾಸ್ ಗುಂಡಿಯಿಂದ ಬೆರಳು ಎತ್ತುತ್ತಿದ್ದಿರಿ. ಆ ಬೆರಳಿಗೆ ಇದ್ದ ತಾಳಜ್ಞಾನ ಎಷ್ಟೋ ಆರ್ಕೆಸ್ಟ್ರಾ ಡ್ರಮ್ಮರುಗಳಿಗೆ ಇರಲಿಲ್ಲ.

ಇಷ್ಟರ ಮಧ್ಯೆ ಕರೆಂಟು ಹೋಗುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ 140 ಕಿಲೋಮೀಟರಿಗೂ ಹೆಚ್ಚು ದೂರ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ತು ತಂದಾಗ ಬೆಂಗಳೂರಿನ ಬೀದಿಗಳಲ್ಲೇ ವಿದ್ಯುತ್ ದೀಪ ಇರಲಿಲ್ಲ, ಅಲ್ಲಿಗೆ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಅಂಥ ಊರಿನಲ್ಲಿ ಹಾಡಿನ ಮೂರನೇ ನಿಮಿಷಕ್ಕೆ ಕರೆಂಟು ಹೋದರೆ ನಿಮ್ಮ ಬಾಯಿಂದ ಬರುತ್ತಿದ್ದ ಮಾತುಗಳನ್ನು ಪತ್ರಿಕೆಯವರು ಅಚ್ಚು ಮಾಡುವುದಿಲ್ಲ.

ಸದ್ದಿನ ಮಾತು ಬಂದಾಗ ನೀವು ಹೆಮ್ಮೆಯಿಂದ ಹೇಳುತ್ತಿದ್ದದ್ದು ಚಾಂಪಿಯನ್ ರೀಫ್‌ನ ವಿಜ್ಞಾನಿಗಳ ಕಥೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ಯಂತ್ರ ಇಟ್ಟು ಕೂತು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಅಷ್ಟು ಆಳಕ್ಕೆ ಇಳಿದದ್ದು ಮೇಲಿನ ಕಾಸ್ಮಿಕ್ ಕಿರಣಗಳ ಗದ್ದಲ ತಪ್ಪಿಸಿಕೊಳ್ಳಲು. “ನಮ್ಮೂರಲ್ಲಿ ಸದ್ದು ಕಮ್ಮಿ ಮಾಡೋಕೆ ಎರಡು ಕಿಲೋಮೀಟರು ಇಳೀತಾರೆ ತಂಬಿ, ನಾನು ಡಾಲ್ಬಿ ಗುಂಡಿ ಒತ್ತುತೀನಿ ಅಷ್ಟೇ.” ಈ ಮಾತು ಬಂದ ಗಿರಾಕಿಗಳಿಗೆಲ್ಲ ಹೇಳಿಯಾಗಿತ್ತು. ಪ್ರತಿ ಸಲವೂ ಹೊಸದೆಂಬಂತೆ ನಗುತ್ತಿದ್ದಿರಿ.

ಸಾಲು ಅಂದೆನಲ್ಲ, ಅದರ ಒಂದೆರಡು ಉದಾಹರಣೆ ಕೊಡದಿದ್ದರೆ ಓದುವವರಿಗೆ ನಂಬಿಕೆ ಬರುವುದಿಲ್ಲ.

ನಮ್ಮಪ್ಪನ ಪಟ್ಟಿ ಪೂರ್ತಿ ರಾಜ್‌ಕುಮಾರ್ ಸಿನಿಮಾದ ಹಳೆಯ ಹಾಡು, ಅಂದರೆ ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ತಾವೇ ಹಾಡಿ ಜನ ಹುಚ್ಚೆದ್ದು, ಆಮೇಲೆ ಹೆಚ್ಚಾಗಿ ತಾವೇ ಹಾಡುವವರೆಗೆ ಅವರ ದನಿ ಎಂದರೆ ಪಿಬಿಎಸ್. ಕಾಕಿನಾಡದ ತೆಲುಗು ಮನೆಯಲ್ಲಿ ಹುಟ್ಟಿ, ತಮಿಳಿನಲ್ಲಿ ಜೆಮಿನಿ ಗಣೇಶನ್‌ಗೆ ದನಿಯಾಗಿ, ಕನ್ನಡದಲ್ಲಿ ರಾಜ್‌ಕುಮಾರ್ ಆದ ಮನುಷ್ಯ. ಆ ಪಟ್ಟಿಯ ಕೊನೆಗೆ ನೀವು ಸೇರಿಸಿದ್ದು ಮೊದಲು ಪಿಬಿಎಸ್ ಅವರ ಒಂದು ತಮಿಳು ಹಾಡು, ಅದರ ಬೆನ್ನಿಗೆ ಜಿಮ್ ರೀವ್ಸ್. ತಮಿಳು ಹಾಡಿಗೆ ನಮ್ಮಪ್ಪ ತಲೆದೂಗಿದರು. ಇಂಗ್ಲಿಷಿನದು ಶುರುವಾದಾಗ ‘ಇದ್ಯಾವುದಪ್ಪಾ ಮಧ್ಯೆ’ ಎಂದರು. ಅರ್ಧಕ್ಕೆ ಬಂದಾಗ ಸುಮ್ಮನಾದರು. ಮೈಕಿಗೆ ತುಟಿ ತಾಗಿಸಿ, ಗಂಟಲು ಎತ್ತದೆ, ಎದುರು ಕೂತವನಿಗಷ್ಟೇ ಹೇಳುವಂತೆ ಹಾಡುವ ಗಂಡುದನಿ ಎರಡೂ ಕಡೆ ಒಂದೇ ಜಾತಿಯದು. ನಮ್ಮಪ್ಪನಿಗೆ ಇಂಗ್ಲಿಷು ಬರುತ್ತಿದ್ದದ್ದು ರೈಲ್ವೆ ಫಾರಂ ತುಂಬುವಷ್ಟು ಮಾತ್ರ. ಆದರೂ 1964ರಲ್ಲಿ ವಿಮಾನ ಬಿದ್ದು ಸತ್ತ ಆ ಅಮೆರಿಕದ ಗಾಯಕ ನಮ್ಮ ಮನೆಯಲ್ಲಿ ನೆಂಟನಂತಾದದ್ದು ನಿಮ್ಮ ಎರಡು ಗೀಟುಗಳಿಂದ.

ಇನ್ನೊಂದು ನಿಮ್ಮ ಪ್ರಸಿದ್ಧ ಜೋಡಣೆ ಎಲ್.ಆರ್. ಈಶ್ವರಿಯವರದು. ಮಾರಿಯಮ್ಮನ ಉತ್ಸವಕ್ಕೆ ಧ್ವನಿವರ್ಧಕದಲ್ಲಿ ಹಾಕಲು ತಮಿಳು ಭಕ್ತಿಗೀತೆ ತುಂಬಿಸಲು ಬರುವವರು ಅವರ ಅಮ್ಮನ ಹಾಡುಗಳನ್ನೇ ಕೇಳುತ್ತಿದ್ದರು. ಅದೇ ಈಶ್ವರಿಯವರು ಕನ್ನಡದ ‘ಪರೋಪಕಾರಿ’ (1970) ಸಿನಿಮಾಕ್ಕೆ ಕ್ಯಾಬರೆ ಹಾಡು ಹಾಡಿದ್ದಾರೆ. ಉತ್ಸವದ ಕ್ಯಾಸೆಟ್ಟಿಗೆ ಕ್ಯಾಬರೆ ಸೇರಿಸುವಷ್ಟು ತಲೆ ಕೆಟ್ಟವರಲ್ಲ ನೀವು. ಆದರೆ ಕಾಲೇಜು ಹುಡುಗರು ಕ್ಯಾಬರೆ ಹಾಡುಗಳ ಪಟ್ಟಿ ತಂದಾಗ ಕೊನೆಗೆ ಅಮ್ಮನ ಹಾಡು ತುಂಬಿಕೊಡುತ್ತಿದ್ದಿರಿ. ಹಾಸ್ಟೆಲಿನಲ್ಲಿ ರಾತ್ರಿ ಕುಣಿಯುತ್ತಿದ್ದವರು ಇದ್ದಕ್ಕಿದ್ದಂತೆ ಚಪ್ಪಲಿ ಬಿಟ್ಟು ನಿಂತರು ಎಂಬ ಸುದ್ದಿ ನಿಮ್ಮ ಕಿವಿಗೆ ಬಿದ್ದು ವಾರಗಟ್ಟಲೆ ಖುಷಿಯಲ್ಲಿದ್ದಿರಿ. ಅದು ತಮಾಷೆಗೆ ಮಾಡಿದ್ದು ಎಂದು ಜನ ತಿಳಿದರು. ಒಂದೇ ಗಂಟಲಲ್ಲಿ ಎರಡೂ ಇವೆ, ಬೇರೆ ಮಾಡುವವರು ನಾವು ಎನ್ನುವುದು ನಿಮ್ಮ ವಾದ ಅಂತ ನನಗೆ ಆಮೇಲೆ ಅನ್ನಿಸಿದೆ. ನೀವು ಬಾಯಿಬಿಟ್ಟು ಹಾಗೆ ಹೇಳಿದವರಲ್ಲ.

ಇಳಯರಾಜ ಅವರ ವಿಷಯದಲ್ಲಂತೂ ನೀವು ಪಾಠವನ್ನೇ ಮಾಡುತ್ತಿದ್ದಿರಿ. ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕನ್ನಡ ಸಿನಿಮಾಗಳಲ್ಲಿ ದುಡಿದು ಪಳಗಿದವರು, 1976ರ ‘ಅನ್ನಕ್ಕಿಳಿ’ ಆಮೇಲಿನದು ಎನ್ನುವುದನ್ನು ತಮಿಳು ಹುಡುಗರಿಗೂ ಕನ್ನಡ ಹುಡುಗರಿಗೂ ಒಂದೇ ಗರ್ವದಲ್ಲಿ ಹೇಳುತ್ತಿದ್ದಿರಿ. ಶಂಕರ್‌ನಾಗ್ ಅವರ ‘ಗೀತಾ’ (1981) ಸಿನಿಮಾದ ಯುಗಳಗೀತೆ, ಅದೇ ರಾಗ ತಮಿಳಿಗೆ ಹೋದ ‘ನೂರಾವದು ನಾಳ್’ (1984), ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಕೇಳಿಸಿದಿರಿ. ಯಾವುದು ಮೂಲ ಎಂದು ಅಂಗಡಿ ಮುಂದೆ ಜಗಳ ಹತ್ತಿತು. ವರ್ಷ ನೋಡಿದರೆ ಮುಗಿಯುವ ಜಗಳ. ನೀವು ಬೇಕೆಂದೇ ಕವರು ತೋರಿಸಲಿಲ್ಲ.

1991ರ ಡಿಸೆಂಬರನ್ನು ಬಿಟ್ಟು ಈ ಪತ್ರ ಬರೆದರೆ ಸುಳ್ಳಾಗುತ್ತದೆ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ತಮಿಳರ ಮನೆ ಅಂಗಡಿಗಳ ಮೇಲೆ ದಾಳಿಯಾಯಿತು. ಬೆಂಗಳೂರಿಗೆ ದಿನವೂ ಹೋಗಿ ಬರುವ ರೈಲಿನಲ್ಲಿ ಮಾತು ತಗ್ಗಿತು. ಊರಿಗೆ ಊರೇ ತಮಿಳು ಮಾತಾಡುವ ನಿಮ್ಮ ಮೈನ್ಸು, ಅದರ ಬಾಗಿಲಲ್ಲಿರುವ ಕನ್ನಡ ತೆಲುಗಿನ ನಮ್ಮ ಬಂಗಾರಪೇಟೆ, ಎರಡೂ ಒಂದನ್ನೊಂದು ಹೊಸದಾಗಿ ನೋಡಿದವು. ನಾನು ಆ ತಿಂಗಳ ಕೊನೆಯಲ್ಲಿ ತಂದ ಪಟ್ಟಿಯಲ್ಲಿ ಎಲ್ಲವೂ ಕನ್ನಡ. ಅದರಲ್ಲಿ ಅರ್ಧ ‘ನಿತ್ಯೋತ್ಸವ’ದ್ದು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ 1978ರಲ್ಲಿ ಬಂದ ಕ್ಯಾಸೆಟ್ಟು, ಕನ್ನಡದ ಭಾವಗೀತೆ ಮನೆಮನೆಗೆ ನಡೆದು ಹೋದದ್ದು ಅದರಿಂದಲೇ. ಈ ಸಲ ನೀವು ಕೊನೆಯ ಎರಡು ಹಾಡು ಬಿಟ್ಟುಬಿಡುತ್ತೀರಿ ಎಂದುಕೊಂಡಿದ್ದೆ.

ಬಿಡಲಿಲ್ಲ. ಮನೆಗೆ ಬಂದು ಹಾಕಿದರೆ ಕೊನೆಯಲ್ಲಿ ‘ದಳಪತಿ’ಯ ಎರಡು ಹಾಡು. ಮುಂದಿನ ಸಲ ಬಂದಾಗ ನಾನು ಏನೂ ಕೇಳುವ ಮೊದಲೇ ಆ ಕ್ಯಾಸೆಟ್ಟಿನ ಕವರು ಮುಂದಿಟ್ಟಿರಿ. ಲಹರಿ, ಬೆಂಗಳೂರು ಎಂದು ಅಚ್ಚಾಗಿತ್ತು. ಆ ವರ್ಷದ ದೀಪಾವಳಿಗೆ ಬಂದ ತಮಿಳು ಸಿನಿಮಾ, ಚಿತ್ರೀಕರಣದ ಒಂದು ಪಾಲು ನಮ್ಮ ಮೇಲುಕೋಟೆಯಲ್ಲಿ, ಹಾಡು ಮಾರುವ ಹಕ್ಕು ಬೆಂಗಳೂರಿನ ಕನ್ನಡ ಕಂಪನಿಯದು. “ನಿಮ್ಮೂರಿನ ಮಾಲೇ, ನಾನೇನು ಮಾಡಲಿ?” ಎಂದಿರಿ. ಆ ಡಿಸೆಂಬರಿನಲ್ಲಿ ಎಷ್ಟೋ ದೊಡ್ಡವರ ಶಾಂತಿ ಭಾಷಣ ಓದಿದೆ. ಇದಕ್ಕಿಂತ ಗಟ್ಟಿಯಾದದ್ದು ಒಂದೂ ನೆನಪಿನಲ್ಲಿಲ್ಲ.

ನಿಮ್ಮ ದಂಧೆ ಕಾನೂನಿನ ಲೆಕ್ಕದಲ್ಲಿ ಕಳ್ಳತನವೇ. ಇದನ್ನು ಮುಚ್ಚಿಡುವುದು ಸರಿಯಲ್ಲ. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆ ಬಿಗಿ ಮಾಡಿದರು. ಆಗಾಗ ಪೊಲೀಸು ಬರುವ ಸುದ್ದಿ ಬಂದರೆ ಡೆಕ್ಕಿನ ಮೇಲೆ ಬಟ್ಟೆ ಹೊದಿಸಿ, ರೇಡಿಯೊ ರಿಪೇರಿ ಅಂಗಡಿಯಾಗಿಬಿಡುತ್ತಿದ್ದಿರಿ. ನೀವು ತುಂಬಿಕೊಟ್ಟ ಒಂದೊಂದು ಹಾಡಿಗೂ ಹಾಡಿದವರಿಗೆ, ಬರೆದವರಿಗೆ ಬಿಡಿಗಾಸು ಹೋಗಲಿಲ್ಲ. ಆ ಅನ್ಯಾಯ ಅನ್ಯಾಯವೇ. ಹಾಗಂತ ಆ ಲೆಕ್ಕ ಒಂದೇ ಹಿಡಿದು ನಿಮ್ಮನ್ನು ಅಳೆಯಲು ನನಗೆ ಮನಸ್ಸಿಲ್ಲ. ಕಂಪನಿಗಳು ಕನ್ನಡಕ್ಕೊಂದು, ತಮಿಳಿಗೊಂದು, ಉರ್ದುವಿಗೊಂದು ಕಪಾಟು ಮಾಡಿದ್ದವು. ಕಪಾಟುಗಳ ನಡುವಿನ ಹಲಗೆ ಕಿತ್ತವರು ನೀವು.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನೆಲ, ಮೂರು ಕಿಲೋಮೀಟರು ದಾಟಿದ ಆಳದವರೆಗೂ ತೋಡಿ ಮುಗಿದಿತ್ತು. ಅದರ ಕಥೆ ಬೇಕಾದಷ್ಟು ಜನ ಬರೆದಿದ್ದಾರೆ. ನಿಮ್ಮ ಅಂಗಡಿಗೆ ಮೊದಲ ಏಟು ಕೊಟ್ಟದ್ದು ಗಣಿಯಲ್ಲ, ಎಂಪಿ3 ಸಿಡಿ. ಒಂದು ತಟ್ಟೆಯಲ್ಲಿ ನೂರೈವತ್ತು ಹಾಡು, ಪಾದಚಾರಿ ದಾರಿಯ ಮೇಲೆ ರಾಶಿ. ಅದರಲ್ಲಿ ಹಾಡುಗಳು ಓಡುತ್ತಿದ್ದದ್ದು ಕಡತದ ಹೆಸರಿನ ಅಕ್ಷರಮಾಲೆಯ ಪ್ರಕಾರ. ಸಾಲು ಹಾಕುವ ಕೆಲಸ ವರ್ಣಮಾಲೆಗೆ ಹೋಯಿತು. ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ರೀಚಾರ್ಜ್ ಅಂಗಡಿಗಳು ಬಂದವು, ಅವರಿಗೆ ಹಾಡು ಎಂದರೆ ಜಿಬಿ ಲೆಕ್ಕ. ಗಣಿ ನಿಂತ ಮೇಲೆ ನಿಮ್ಮ ಗಿರಾಕಿಗಳು ಬೆಳಗಿನ ಕತ್ತಲಿಗೆ ಬೆಂಗಳೂರಿನ ರೈಲು ಹತ್ತಿ ರಾತ್ರಿ ಇಳಿಯುವವರಾದರು. ಪಟ್ಟಿ ಬರೆಯಲು ಪುರಸೊತ್ತು ಯಾರಿಗಿತ್ತು?

ನಿಮಗೆ ತಿಳಿದಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. 2018ರ ಡಿಸೆಂಬರಿನಲ್ಲಿ ನಿಮ್ಮ ಊರಿನ ಹೆಸರಿಟ್ಟು ಒಂದು ಕನ್ನಡ ಸಿನಿಮಾ ಬಂತು. ರವಿ ಬಸ್ರೂರು ಸಂಗೀತ. ಗಣಿ ತ್ಯಾಜ್ಯದ ನಿಮ್ಮ ಸೈನೈಡ್ ಗುಡ್ಡದ ಮೇಲೆ ಚಿತ್ರೀಕರಣವೂ ನಡೆಯಿತು. ಹಿಂದಿ, ತೆಲುಗು, ತಮಿಳು, ಮಲಯಾಳಂ ಎಲ್ಲದರಲ್ಲೂ ಓಡಿ ಈಗ ಬೇರೆ ರಾಜ್ಯದವರಿಗೆ ಕೆಜಿಎಫ್ ಎಂದರೆ ಸುತ್ತಿಗೆ, ಬಂದೂಕು. ಲೈನ್ ಮನೆಯ ಜನಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಅದರ ಬಗ್ಗೆ ನಾನು ತಲೆ ಕೆಡಿಸಿಕೊಂಡಿಲ್ಲ. ಆದರೆ ಅದರ ಕನ್ನಡ ಅವತರಣಿಕೆಯಲ್ಲಿ ಹೊಸದಾಗಿ ಹಾಡಿಸಿ ಸೇರಿಸಿದ ಹಳೆಯ ಹಾಡು ಯಾವುದು ಗೊತ್ತೆ? ‘ಪರೋಪಕಾರಿ’ಯ ಆ ಕ್ಯಾಬರೆಯೇ. ಥಿಯೇಟರಿನಲ್ಲಿ ಅದು ಶುರುವಾದಾಗ ನಾನೊಬ್ಬನೇ ಗಟ್ಟಿಯಾಗಿ ನಕ್ಕೆ, ಪಕ್ಕದವರು ತಿರುಗಿ ನೋಡಿದರು. ಅದರ ಬೆನ್ನಿಗೆ ಅಮ್ಮನ ಹಾಡು ಬರಲಿಲ್ಲ. ಅದು ನೀವು ಮಾಡಿದ ಸಾಲಲ್ಲವಲ್ಲ.

ಈಗ ನನ್ನ ಫೋನಿನಲ್ಲಿ ಹಾಡಿನ ಆ್ಯಪ್ ತೆರೆದ ಕೂಡಲೇ ‘ನಿಮ್ಮ ಭಾಷೆ ಆರಿಸಿ’ ಎಂದಿತು. ನೀವು ಎಂದೂ ಯಾರನ್ನೂ ಕೇಳದ ಪ್ರಶ್ನೆ ಅದು. ಕನ್ನಡ ಒತ್ತಿದೆ. ಆಮೇಲೆ ಅದೂ ಕೇಳದ ಹಾಡು ಕೊಡುತ್ತದೆ, ಇಲ್ಲವೆನ್ನಲಾರೆ. ಆದರೆ ಅದು ಕೊಡುವುದು ನಾನು ಆಗಲೇ ಕೇಳಿದ್ದರ ತಮ್ಮನನ್ನೋ ತಂಗಿಯನ್ನೋ. ಪಿಬಿಎಸ್ ಕೇಳಿದವನಿಗೆ ಇನ್ನೂ ಪಿಬಿಎಸ್. ಅಲ್ಲಿಂದ ಜಿಮ್ ರೀವ್ಸ್‌ಗೆ ದಾಟಿಸುವ ಧೈರ್ಯ ಅದಕ್ಕೆ ಬಂದಿಲ್ಲ. ಗಿರಾಕಿ ಎದ್ದು ಹೋದಾನು ಎಂಬ ಭಯ ಅದಕ್ಕಿದೆ. ನಿಮಗಿರಲಿಲ್ಲ. ಎದ್ದು ಹೋಗುವವರಿಗೆ ಎದುರಿನ ಅಂಗಡಿ ತೋರಿಸುತ್ತಿದ್ದ ಮನುಷ್ಯ ನೀವು.

ಅಣ್ಣ, ನಿಮಗೆ ಬರೆಯುವುದು ಇಲ್ಲಿಗೆ ಮುಗಿಯಿತು. ಎಲ್ಲೇ ಇರಿ, ಓದಿದರೆ ಒಂದು ಕಾರ್ಡು ಹಾಕಿ. ಆ ಗೋಡೆಯ ಕ್ಯಾಸೆಟ್ಟುಗಳು ಏನಾದವು ಎಂದು ತಿಳಿಸಿ, ಅದರಲ್ಲೂ ನೀವೇ ಹಿಡಿದು ತಂದವು.

ಇನ್ನು ಉಳಿದದ್ದು ಇದನ್ನು ಓದುತ್ತಿರುವವರಿಗೆ. ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಅಂಥ ಅಂಗಡಿಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳಿದ್ದರೆ ಗುಜರಿಗೆ ಹಾಕಬೇಡಿ. ಕಂಪನಿ ಕ್ಯಾಸೆಟ್ಟು ಹೋದರೆ ಹೋಗಲಿ, ಅದು ಇನ್ನೆಲ್ಲೋ ಇದೆ. ಅಂಗಡಿಯಲ್ಲಿ ತುಂಬಿಸಿದ್ದು ಒಂದೇ ಪ್ರತಿ. ಬೂಷ್ಟು ಹಿಡಿದಿದ್ದರೆ ಕೂಡಲೇ ಪ್ಲೇಯರಿಗೆ ಹಾಕಬೇಡಿ, ಟೇಪಿಗೆ ಟೇಪೂ ಹೋಗುತ್ತದೆ, ಹೆಡ್ಡಿಗೆ ಹೆಡ್ಡೂ ಕೆಡುತ್ತದೆ. ಬಿಸಿಲಿನಿಂದ, ಸ್ಪೀಕರಿನ ಆಯಸ್ಕಾಂತದಿಂದ ದೂರ ಇಡಿ. ರೆಕಾರ್ಡ್ ಗುಂಡಿ ತಪ್ಪಿ ಒತ್ತಿಹೋಗದಂತೆ ಮೇಲಿನ ಎರಡು ಚಿಕ್ಕ ಹಲ್ಲುಗಳನ್ನು ಮುರಿದುಬಿಡಿ. ಫೋನಿಗೋ ಕಂಪ್ಯೂಟರಿಗೋ ಇಳಿಸುವಾಗ ಹಾಡು ಹಾಡಾಗಿ ಕತ್ತರಿಸಬೇಡಿ, ಒಂದು ಬದಿಯನ್ನು ಪೂರ್ತಿ ಒಂದೇ ಕಡತವಾಗಿ ಇಳಿಸಿ. ಅದಕ್ಕೂ ಮೊದಲು, ಇವತ್ತೇ, ಡಬ್ಬಿಯೊಳಗಿನ ಕಾರ್ಡಿನ ಫೋಟೊ ತೆಗೆಯಿರಿ. ಬಾಲ್‌ಪೆನ್ನಿನ ಶಾಯಿ ಟೇಪಿಗಿಂತ ಬೇಗ ಮಾಸುತ್ತಿದೆ.

ಇಂತಿ,
ಬಂಗಾರಪೇಟೆಯ ನಿಮ್ಮ ಹಳೆಯ ಗಿರಾಕಿ